ಕಲ್ಲಿನಿಂದ ಬಂದ ಉಪ್ಪು: ಉನ್ಮಾದ–ಖಿನ್ನತೆಯ ದೀರ್ಘಕಾಲದ ಔಷಧಿಗಳ ಇತಿಹಾಸ

ಮಿರಜ ಪಟ್ಟಣಕ್ಕೆ ಎರಡು ಬಗೆಯ ಕೀರ್ತಿಯಿದೆ. ಒಂದು ಸಿತಾರ ತಂಬೂರಿಗಳದು, ಇನ್ನೊಂದು ದವಾಖಾನೆಗಳದು. ಉಸ್ತಾದ ಅಬ್ದುಲ್ ಕರೀಂ ಖಾನರ ಸಮಾಧಿಯಿರುವ ಇದೇ ಊರಿನಲ್ಲಿ ಡಾಕ್ಟರ್ ವಿಲಿಯಂ ವಾನ್ಲೆಸ್ಸರು 1894ರಲ್ಲಿ ಮಿಷನ್ ಆಸ್ಪತ್ರೆಯನ್ನು ಸ್ಥಾಪಿಸಿದರು. 1962ರಲ್ಲಿ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವೂ ಬಂದಿತು. ಅಂದಿನಿಂದ ಇಂದಿನವರೆಗೆ ಅಥಣಿ, ಚಿಕ್ಕೋಡಿ, ರಾಯಬಾಗ, ಜಮಖಂಡಿ, ವಿಜಯಪುರಗಳ ಕಡೆಯ ಕನ್ನಡಿಗರು ರಾಜ್ಯದ ಗಡಿಯನ್ನು ಲೆಕ್ಕಿಸದೆ ಈ ಊರಿನ ವೈದ್ಯರನ್ನು ಹುಡುಕಿಕೊಂಡು ಬರುತ್ತಲೇ ಇದ್ದಾರೆ. ನಮ್ಮ ಮಾಲಗಾಂವದವರಿಗಂತೂ ಮಿರಜವು ಮನೆಯ ಅಂಗಳವಿದ್ದಂತೆ. ಎಲುಬು ಮುರಿದಾಗ, ಕಣ್ಣಿಗೆ ಪೊರೆ ಬಂದಾಗ, ಹೃದಯ ತೊಂದರೆ ಕೊಟ್ಟಾಗ ನಾವು ಅಲ್ಲಿಗೆ ಹೋಗುತ್ತೇವೆ. ಹೋಗಿ ಬಂದುದನ್ನು ಕಟ್ಟೆಯ ಮೇಲೆ ಕುಳಿತು ಹತ್ತು ಜನರಿಗೆ ಹೇಳುತ್ತೇವೆ. ಮನಸ್ಸಿನ ಬೇನೆಗೆ ಹೋಗಿಬಂದವರು ಮಾತ್ರ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಪೆಟ್ಟಿಗೆಯ ತಳದಲ್ಲಿ ಇಡುತ್ತಾರೆ.

ಆ ಮಡಿಸಿದ ಚೀಟಿಯಲ್ಲಿರುವ ಔಷಧಿಗಳ ಇತಿಹಾಸವನ್ನು ಈ ಸಂಚಿಕೆಯ ಓದುಗರ ಮುಂದಿಡಬೇಕೆಂದು ನಾವು ಬಯಸಿದ್ದೇವೆ. ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಇದೇಕೆ ಎಂದು ಕೆಲವರಾದರೂ ಕೇಳಿಯಾರು. ಹಾಸ್ಯಪತ್ರಿಕೆ ‘ಕೊರವಂಜಿ’ಯ ಸಂಪಾದಕರಾಗಿದ್ದ, ವೃತ್ತಿಯಿಂದ ವೈದ್ಯರಾಗಿದ್ದ ರಾ.ಶಿ. ಅವರ ‘ಮನಮಂಥನ’ ಎಂಬ ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅದು ಕಾದಂಬರಿಯಲ್ಲ, ಕಾವ್ಯವೂ ಅಲ್ಲ. ಮನೋರೋಗಗಳನ್ನು ಕುರಿತ ಗ್ರಂಥ. ಆ ಬಳಿಕ ಡಾಕ್ಟರ್ ಸಿ.ಆರ್. ಚಂದ್ರಶೇಖರ ಅವರಂಥವರು ಇದೇ ವಿಷಯದ ಮೇಲೆ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದರು. ಕನ್ನಡ ಸಾಹಿತ್ಯವು ಈ ವಿಷಯವನ್ನು ತನ್ನದೆಂದು ಒಪ್ಪಿಕೊಂಡು ಬಹುಕಾಲವಾಯಿತು. ಒಪ್ಪಿಕೊಳ್ಳದಿರುವುದು ನಮ್ಮ ಮನೆಗಳು.

ವೈದ್ಯರು ಇಂದು ಬೈಪೋಲಾರ್ ಎಂದು ಕರೆಯುವ ಈ ವ್ಯಾಧಿಯಲ್ಲಿ ಮನಸ್ಸು ಎರಡು ಕಡೆಗೆ ತೂಗುತ್ತದೆ. ಒಂದು ತುದಿಯಲ್ಲಿ ಉನ್ಮಾದ: ನಿದ್ರೆಯೇ ಬೇಡವೆನ್ನುವ ಉತ್ಸಾಹ, ತಡೆಯಿಲ್ಲದ ಮಾತು, ಕೈಬಿಚ್ಚಿದ ಖರ್ಚು, ಕ್ಷಣದಲ್ಲಿ ಭುಗಿಲೇಳುವ ಸಿಟ್ಟು, ಹೊಲ ಮಾರಿ ಕಾರಖಾನೆ ತೆಗೆಯುವ ಯೋಜನೆ. ಇನ್ನೊಂದು ತುದಿಯಲ್ಲಿ ಖಿನ್ನತೆ: ಹಾಸಿಗೆಯಿಂದ ಏಳಲಾರದ ಭಾರ, ಬದುಕೇ ಬೇಡವೆನ್ನುವ ಕತ್ತಲೆ. ಇವೆರಡರ ನಡುವೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಮನುಷ್ಯ ಮೊದಲಿನಂತೆಯೇ ಇರುತ್ತಾನೆ. ಚರಕಸಂಹಿತೆಯಲ್ಲಿ ಉನ್ಮಾದವನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ. ಆದರೆ ಏರು ಮತ್ತು ಇಳಿತ ಎರಡೂ ಒಂದೇ ರೋಗದ ಎರಡು ಮುಖಗಳೆಂದು ಸ್ಪಷ್ಟವಾಗಿ ಬರೆದವರು 1850ರ ದಶಕದ ಪ್ಯಾರಿಸ್ಸಿನ ವೈದ್ಯರಾದ ಫಾಲ್ರೆ ಮತ್ತು ಬೈಯಾರ್ಜೆ. ಮೊದಲು ಕಂಡವರು ಯಾರು ಎಂಬುದರ ಮೇಲೆ ಅವರಿಬ್ಬರೂ ಜಗಳಾಡಿದರು. 1899ರಲ್ಲಿ ಜರ್ಮನಿಯ ಕ್ರೇಪೆಲಿನ್ ಇದಕ್ಕೆ ಉನ್ಮಾದ–ಖಿನ್ನತೆಯ ವ್ಯಾಧಿಯೆಂಬ ಹೆಸರನ್ನು ಗಟ್ಟಿಗೊಳಿಸಿದನು. ಈಗಿನ ಹೆಸರು ಅಮೆರಿಕದ ಮನೋವೈದ್ಯರ ಪಟ್ಟಿಯಲ್ಲಿ ಸೇರಿದ್ದು 1980ರಲ್ಲಿ.

ನಡುವಿನ ಆ ಸ್ವಸ್ಥ ಕಾಲವೇ ಈ ರೋಗದ ಮರ್ಮವೆಂದು ನಾವು ತಿಳಿಯುತ್ತೇವೆ. ಜ್ವರ ಬಿಟ್ಟ ಮೇಲೆ ಔಷಧಿಯೇಕೆ? ನಮ್ಮ ಕಡೆಯ ತಾಯಂದಿರು ವೈದ್ಯರನ್ನು ಕೇಳುವುದು ಇದನ್ನೇ: “ಈಗ ಆರಾಮ ಆಗ್ಯಾನಲ್ರಿ, ಇನ್ನೂ ಗುಳಿಗಿ ಯಾಕ್ರಿ?” ಈ ಪ್ರಶ್ನೆಗೆ ಉತ್ತರ ಹುಡುಕಲು ಜಗತ್ತಿನ ವೈದ್ಯರಿಗೆ ಸುಮಾರು ನೂರು ವರ್ಷಗಳು ಬೇಕಾದವು.

ಔಷಧಿಗಳಿಲ್ಲದ ಕಾಲದಲ್ಲಿ ಇದ್ದುದು ಗೋಡೆಗಳು ಮಾತ್ರ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲಿ ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿಯೇ ಹುಚ್ಚರ ಆಸ್ಪತ್ರೆ ತೆರೆದಿತ್ತು. ನಮ್ಮ ಭಾಗದ ಮಾತಿನಲ್ಲಿ “ಇವನನ್ನು ಧಾರವಾಡಕ್ಕೆ ಕಳಿಸಬೇಕು” ಎಂಬ ಬೈಗುಳ ಹುಟ್ಟಿದ್ದು ಅಲ್ಲಿಂದಲೇ. ಬೇಂದ್ರೆಯವರ ಊರಿಗೆ ಇದು ಅನ್ಯಾಯವೇ ಸರಿ. 1912ರ ಭಾರತೀಯ ಹುಚ್ಚರ ಕಾಯಿದೆಯು ರೋಗಿಯನ್ನು ಒಳಗೆ ಹಾಕುವ, ಹೊರಗೆ ಬಿಡುವ ಕ್ರಮಗಳನ್ನು ವಿವರವಾಗಿ ಹೇಳಿತು. ಒಳಗಿದ್ದಾಗ ಕೊಡುತ್ತಿದ್ದುದು ಬ್ರೋಮೈಡ್, ಕ್ಲೋರಾಲ್, ಪ್ಯಾರಾಲ್ಡಿಹೈಡ್ ಮುಂತಾದ ಮಂಕು ಹಿಡಿಸುವ ಔಷಧಿಗಳು. ಅವು ರೋಗಿಯನ್ನು ಮಲಗಿಸುತ್ತಿದ್ದವೇ ಹೊರತು ಮುಂದಿನ ಸರದಿಯನ್ನು ತಡೆಯುತ್ತಿರಲಿಲ್ಲ. 1938ರಲ್ಲಿ ಇಟಲಿಯ ಚೆರ್ಲೆಟ್ಟಿ ಮತ್ತು ಬಿನಿ ಆರಂಭಿಸಿದ ವಿದ್ಯುತ್ ಚಿಕಿತ್ಸೆಯು ತೀವ್ರ ಸ್ಥಿತಿಯಲ್ಲಿ ಇಂದಿಗೂ ಜೀವ ಉಳಿಸುತ್ತದೆ. ಆದರೆ ಅದೂ ಆಗಿನ ಬೇನೆಗೆ ಹೆಚ್ಚು, ವರ್ಷಾನುವರ್ಷದ ಕಾವಲಿಗೆ ಕಡಿಮೆ.

ಮೊದಲ ಹೊಸ ಬೆಳಕು ನಮ್ಮ ದೇಶದ ಬೇರಿನಿಂದಲೇ ಬಂದಿತೆಂಬುದನ್ನು ಹೆಮ್ಮೆಯಿಂದ ಹೇಳಬಹುದು. 1931ರಲ್ಲಿ ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಸರ್ಪಗಂಧದ ಬೇರು ರಕ್ತದೊತ್ತಡಕ್ಕೂ ಹುಚ್ಚಿಗೂ ಉಪಯುಕ್ತವೆಂದು ಬರೆದರು. 1949ರಲ್ಲಿ ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲರು ರಕ್ತದೊತ್ತಡದ ಮೇಲಿನ ತಮ್ಮ ಅನುಭವವನ್ನು ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಮೇಲೆ ಪಶ್ಚಿಮದವರು ಕಣ್ಣು ತೆರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯವರು ಅದರಿಂದ ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಕೆರಳಿದ ರೋಗಿ ಶಾಂತನಾಗುತ್ತಿದ್ದನು. ಆದರೆ ರಕ್ತದೊತ್ತಡಕ್ಕೆಂದು ಅದನ್ನು ತೆಗೆದುಕೊಂಡ ಕೆಲವರು ಖಿನ್ನತೆಗೆ ಇಳಿದರೆಂಬ ವರದಿಗಳು ಬಂದವು. ಏರಿನಿಂದ ಇಳಿಸಿ ಹಳ್ಳಕ್ಕೆ ಬೀಳಿಸುವ ಔಷಧಿ ಎರಡು ತುದಿಯ ರೋಗಕ್ಕೆ ಒಗ್ಗದು. ಈ ಕಾರ್ಯಕ್ಕೆ ಸರ್ಪಗಂಧ ಹಿಂದೆ ಸರಿಯಿತು.

ಇನ್ನು ಕಲ್ಲಿನ ಕಥೆ. 1817ರಲ್ಲಿ ಸ್ವೀಡನ್ನಿನ ಆರ್ಫ್‌ವೆಡ್‌ಸನ್ ಎಂಬ ತರುಣ ರಸಾಯನಜ್ಞನು ಪೆಟಲೈಟ್ ಎಂಬ ಖನಿಜದಲ್ಲಿ ಹೊಸ ಧಾತುವೊಂದನ್ನು ಕಂಡನು. ಕಲ್ಲಿನಿಂದ ದೊರೆತುದರಿಂದ ಗ್ರೀಕ್ ಭಾಷೆಯ ಕಲ್ಲಿನ ಹೆಸರನ್ನೇ ಅದಕ್ಕಿಟ್ಟು ಲಿಥಿಯಂ ಎಂದರು. ಯೂರಿಕ್ ಆಮ್ಲದ ಹರಳುಗಳನ್ನು ಈ ಧಾತುವಿನ ಉಪ್ಪು ಕರಗಿಸುತ್ತದೆಂದು ತಿಳಿದಾಗ ಲಂಡನ್ನಿನ ಗ್ಯಾರಡ್ 1859ರಲ್ಲಿ ಅದನ್ನು ಕೀಲುವಾತಕ್ಕೆ ಸೂಚಿಸಿದನು. 1871ರಲ್ಲಿ ನ್ಯೂಯಾರ್ಕಿನ ಹ್ಯಾಮಂಡ್ ಉನ್ಮಾದಕ್ಕೂ, 1880ರ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ ಲಾಂಗೆ ಮರುಕಳಿಸುವ ಖಿನ್ನತೆಗೂ ಕೊಟ್ಟು ನೋಡಿದರು. ಅವರ ಮಾತುಗಳನ್ನು ಜಗತ್ತು ಮರೆತುಬಿಟ್ಟಿತು. ಲಿಥಿಯಂ ಬೆರೆಸಿದ ಬಾಟಲಿ ನೀರು ಮಾತ್ರ ಆರೋಗ್ಯದ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಇಂದು ನಮ್ಮ ಮಕ್ಕಳು ಕುಡಿಯುವ ಸೆವೆನ್ ಅಪ್ ಎಂಬ ಪೇಯ 1929ರಲ್ಲಿ ಮಾರುಕಟ್ಟೆಗೆ ಬಂದಾಗ ಅದರಲ್ಲಿ ಲಿಥಿಯಂ ಸಿಟ್ರೇಟ್ ಇತ್ತೆಂದರೆ ಓದುಗರು ನಕ್ಕಾರು. ಆದರೆ ಅದು ನಿಜ.

ಎರಡನೆಯ ಮಹಾಯುದ್ಧದಲ್ಲಿ ಸಿಂಗಪುರದ ಚಾಂಗಿ ಬಂದೀಖಾನೆಯಲ್ಲಿ ಜಪಾನಿಯರ ಸೆರೆಯಾಳಾಗಿ ಮೂರೂವರೆ ವರ್ಷ ಕಳೆದ ಜಾನ್ ಕೇಡ್ ಎಂಬ ಆಸ್ಟ್ರೇಲಿಯದ ವೈದ್ಯನು ಊರಿಗೆ ಮರಳಿ, ಮೆಲ್ಬರ್ನಿನ ಹತ್ತಿರದ ಬಂಡೂರ ಆಸ್ಪತ್ರೆಯಲ್ಲಿ ಕೆಲಸಕ್ಕೆ ನಿಂತನು. ಉನ್ಮಾದವು ದೇಹದಲ್ಲಿ ಹುಟ್ಟುವ ಯಾವುದೋ ವಿಷದ ಫಲವೆಂದು ಅವನ ಊಹೆ. ಬಳಸದೆ ಬಿದ್ದಿದ್ದ ಅಡುಗೆಕೋಣೆಯೊಂದರಲ್ಲಿ, ರೋಗಿಗಳ ಮೂತ್ರವನ್ನು ಗಿನಿ ಇಲಿಗಳಿಗೆ ಚುಚ್ಚಿ ಪರೀಕ್ಷಿಸುತ್ತಿದ್ದನು. ಯೂರಿಕ್ ಆಮ್ಲವನ್ನು ನೀರಿನಲ್ಲಿ ಕರಗಿಸಬೇಕಾಗಿ ಬಂದಾಗ ಲಿಥಿಯಂ ಉಪ್ಪನ್ನು ಕೈಗೆತ್ತಿಕೊಂಡನು. ಇಲಿಗಳು ಶಾಂತವಾದವು. ಊಹೆ ತಪ್ಪಾಗಿತ್ತು, ಕಂಡದ್ದು ಮಾತ್ರ ನಿಜವಾಗಿತ್ತು. ತಾನು ನುಂಗಿ ನೋಡಿ, ಬಳಿಕ 1948ರಲ್ಲಿ ರೋಗಿಗಳಿಗೆ ಕೊಟ್ಟನು. 1949ರ ಸೆಪ್ಟೆಂಬರಿನಲ್ಲಿ ಹತ್ತು ಉನ್ಮಾದ ರೋಗಿಗಳ ಫಲಿತಾಂಶವನ್ನು ಪ್ರಕಟಿಸಿದನು.

ಅವರಲ್ಲಿ ಮೊದಲನೆಯವನ ಚರಿತ್ರೆಯನ್ನು ನಾವು ತುಸು ವಿವರವಾಗಿ ಹೇಳಲೇಬೇಕು. ಅವನಿಗೆ 51 ವರ್ಷ. ಐದು ವರ್ಷಗಳಿಂದ ಬಿಡದ ಉನ್ಮಾದ; ಇಡೀ ವಾರ್ಡಿಗೇ ತಲೆನೋವಾಗಿದ್ದವನು. ಲಿಥಿಯಂ ಕೊಟ್ಟ ಕೆಲವೇ ವಾರಗಳಲ್ಲಿ ತಿಳಿಯಾದನು, ತಿಂಗಳುಗಳ ಬಳಿಕ ಮನೆಗೆ ಹೋದನು, ಹಳೆಯ ಕೆಲಸವನ್ನು ಹಿಡಿದನು. ಚೆನ್ನಾಗಿದ್ದೇನೆಂದು ಔಷಧಿಯನ್ನು ಬಿಟ್ಟನು. ಬಿಟ್ಟವನು ಮತ್ತೆ ಅದೇ ಸ್ಥಿತಿಯಲ್ಲಿ ಆಸ್ಪತ್ರೆಗೆ ಬಂದನು. ಮರಳಿ ಕೊಟ್ಟರು, ಮರಳಿ ಗುಣವಾಯಿತು. ಕೊನೆಗೆ 1950ರಲ್ಲಿ ಲಿಥಿಯಂ ದೇಹದಲ್ಲಿ ಹೆಚ್ಚಾಗಿ ವಿಷವೇರಿ ತೀರಿಕೊಂಡನು. ಬಿಟ್ಟರೆ ರೋಗ, ಮಿತಿಮೀರಿದರೆ ವಿಷ. ಈ ಔಷಧಿಯ ಮುಂದಿನ ಎಪ್ಪತ್ತೈದು ವರ್ಷಗಳ ಚರ್ಚೆಯೆಲ್ಲವೂ ಈ ಒಬ್ಬ ರೋಗಿಯ ಕಾಗದಪತ್ರಗಳಲ್ಲಿಯೇ ಇತ್ತು.

ಅದೇ 1949ರಲ್ಲಿ ಅಮೆರಿಕದಲ್ಲಿ ಹೃದ್ರೋಗಿಗಳು ಅಡುಗೆ ಉಪ್ಪಿನ ಬದಲಿಗೆ ಲಿಥಿಯಂ ಉಪ್ಪನ್ನು ಯಥೇಚ್ಛವಾಗಿ ಬಳಸಿ ಕೆಲವರು ಸತ್ತರು; ಸರಕಾರ ಅದನ್ನು ಅಂಗಡಿಗಳಿಂದ ತೆಗೆಯಿಸಿತು. ಹೆಸರು ಕೆಟ್ಟಿತು. ಜೊತೆಗೆ, ಕಲ್ಲಿನಿಂದ ಸಿಗುವ ಉಪ್ಪಿಗೆ ಯಾವ ಕಂಪನಿಯೂ ಹಕ್ಕುಪತ್ರ ಪಡೆಯುವಂತಿರಲಿಲ್ಲ. ಲಾಭವಿಲ್ಲದ ಸರಕನ್ನು ಸಾರುವವರಾರು? ಡೆನ್ಮಾರ್ಕಿನ ಮೋಗೆನ್ಸ್ ಶೌ ಸಾರಿದನು. 1954ರಲ್ಲಿ ಅವನೂ ಅವನ ಸಂಗಡಿಗರೂ ಉನ್ಮಾದದ ರೋಗಿಗಳ ಮೇಲೆ ಕ್ರಮಬದ್ಧ ಪ್ರಯೋಗ ನಡೆಸಿದರು. ಶೌನ ಸ್ವಂತ ಮನೆತನದಲ್ಲಿಯೇ ಮರುಕಳಿಸುವ ಖಿನ್ನತೆಯಿತ್ತು. 1967ರಲ್ಲಿ ಬಾಸ್ಟ್ರುಪ್ ಜೊತೆಗೂಡಿ, ವರ್ಷಗಟ್ಟಲೆ ಲಿಥಿಯಂ ಸೇವಿಸಿದ 88 ಮಹಿಳೆಯರಲ್ಲಿ ರೋಗದ ಸರದಿಗಳು ಬಹಳ ಕಡಿಮೆಯಾದವೆಂದು ಬರೆದನು. ಗುಳಿಗೆ ರೋಗವನ್ನು ಇಳಿಸುವುದಷ್ಟೇ ಅಲ್ಲ, ಬರುವುದನ್ನೇ ತಡೆಯುತ್ತದೆ ಎಂಬುದು ಆ ಕಾಲಕ್ಕೆ ಹೊಸ ಮಾತು.

ಲಂಡನ್ನಿನ ಬ್ಲ್ಯಾಕ್‌ವೆಲ್ ಮತ್ತು ಶೆಫರ್ಡ್ ಇದನ್ನು ಒಪ್ಪಲಿಲ್ಲ. 1968ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಮತ್ತೊಂದು ವೈದ್ಯಕೀಯ ಮಿಥ್ಯೆಯೇ ಎಂದು ಪ್ರಶ್ನಿಸಿದರು. ಹೋಲಿಕೆಗೆ ಬೇರೆ ಗುಂಪಿರಲಿಲ್ಲವೆಂಬುದು ಅವರ ಆಕ್ಷೇಪ. ಆ ಆಕ್ಷೇಪ ನ್ಯಾಯವಾದುದೇ. ಡೇನಿಷರು ಸಿಟ್ಟಾದರು, ಆದರೆ ಸಿಟ್ಟಿನಿಂದ ಒಳ್ಳೆಯ ಕೆಲಸವನ್ನೇ ಮಾಡಿದರು. ಲಿಥಿಯಂ ಸೇವಿಸುತ್ತಿದ್ದ 84 ಮಹಿಳೆಯರನ್ನು ಎರಡು ಗುಂಪಾಗಿಸಿ, ಒಂದಕ್ಕೆ ಲಿಥಿಯಂ ಮುಂದುವರಿಸಿ, ಇನ್ನೊಂದಕ್ಕೆ ನೋಡಲು ಅದರಂತೆಯೇ ಇರುವ ಸತ್ವವಿಲ್ಲದ ಗುಳಿಗೆಯನ್ನು ಕೊಟ್ಟರು. ಯಾರಿಗೆ ಯಾವುದೆಂದು ರೋಗಿಗೂ ತಿಳಿಯದು, ನೋಡಿಕೊಳ್ಳುವ ವೈದ್ಯನಿಗೂ ತಿಳಿಯದು. ಕೆಲವೇ ತಿಂಗಳುಗಳಲ್ಲಿ ಪೊಳ್ಳು ಗುಳಿಗೆಯ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರೋಗ ಮರಳಿತು; ಲಿಥಿಯಂ ಗುಂಪಿನಲ್ಲಿ ಒಬ್ಬರಿಗೂ ಮರಳಲಿಲ್ಲ. ಇದು ಪ್ರಕಟವಾದುದು 1970ರಲ್ಲಿ. ಅದೇ ವರ್ಷ ಅಮೆರಿಕವು ಉನ್ಮಾದಕ್ಕೆ ಲಿಥಿಯಂ ಬಳಕೆಯನ್ನು ಒಪ್ಪಿತು, 1974ರಲ್ಲಿ ದೀರ್ಘಕಾಲದ ರಕ್ಷಣೆಗೂ ಒಪ್ಪಿತು. ನಮ್ಮ ತಾಯಂದಿರ ಪ್ರಶ್ನೆಗೆ ಆ 84 ಮಹಿಳೆಯರು ಕೊಟ್ಟ ಉತ್ತರವಿದು.

ಈ ಉಪ್ಪು ನಮ್ಮ ಸೀಮೆಯಲ್ಲಿ ಹೇಗೆ ವರ್ತಿಸುತ್ತದೆಂಬುದನ್ನು ನಾವು ಬಲ್ಲವರಾಗಿರಬೇಕು. ಮೂತ್ರಪಿಂಡವು ಲಿಥಿಯಮ್ಮನ್ನು ಅಡುಗೆ ಉಪ್ಪಿನ ಸೋಡಿಯಂನಂತೆಯೇ ಎಣಿಸುತ್ತದೆ. ದೇಹದಲ್ಲಿ ನೀರೂ ಉಪ್ಪೂ ಕಡಿಮೆಯಾದರೆ ಸೋಡಿಯಮ್ಮನ್ನು ಉಳಿಸಿಕೊಳ್ಳುವ ಭರದಲ್ಲಿ ಲಿಥಿಯಮ್ಮನ್ನೂ ಉಳಿಸಿಕೊಳ್ಳುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ದೀರ್ಘಕಾಲದ ಸೇವನೆಯಲ್ಲಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಇದ್ದರೆ ಸಾಮಾನ್ಯವಾಗಿ ಸರಿ, 1.5 ದಾಟಿದರೆ ಅಪಾಯ. ಗುಣಕ್ಕೂ ವಿಷಕ್ಕೂ ಇಷ್ಟು ಕಡಿಮೆ ಅಂತರವಿರುವ ಔಷಧಿಗಳು ಹೆಚ್ಚಿಲ್ಲ. ಚೈತ್ರ ವೈಶಾಖದ ಬಿಸಿಲಿನಲ್ಲಿ ದ್ರಾಕ್ಷಿ, ಅರಿಶಿನ, ಎಲೆಬಳ್ಳಿಯ ತೋಟಗಳಲ್ಲಿ ದುಡಿಯುವವರು, ವಾಂತಿಭೇದಿ ಹತ್ತಿದವರು, ಏಕಾದಶಿಗೆ ನಿರ್ಜಲ ಉಪವಾಸ ಮಾಡುವವರು, ಆಷಾಢದಲ್ಲಿ ಪಂಢರಪುರಕ್ಕೆ ನಡೆದುಹೋಗುವ ವಾರಕರಿಗಳು, ರಂಜಾನಿನ ರೋಜಾ ಹಿಡಿಯುವವರು ಲಿಥಿಯಂ ಸೇವಿಸುತ್ತಿದ್ದರೆ ಮುಂಚಿತವಾಗಿ ವೈದ್ಯರೊಡನೆ ಮಾತನಾಡಬೇಕು. ವಿಠ್ಠಲನ ಭಕ್ತಿಗೆ ಔಷಧಿಯು ಅಡ್ಡಿಯಲ್ಲ, ಬತ್ತಿದ ದೇಹಕ್ಕೆ ಅಡ್ಡಿ. ರಕ್ತದೊತ್ತಡವೆಂದು ಉಪ್ಪನ್ನು ಒಮ್ಮೆಲೇ ಬಿಡುವುದೂ ಅಷ್ಟೇ ಅಪಾಯಕರ.

ಔಷಧಿ ಅಂಗಡಿಯ ಕಟ್ಟೆಯ ಮೇಲೆ ಚೀಟಿಯಿಲ್ಲದೆ ಸಿಗುವ ಮೈಕೈನೋವಿನ ಗುಳಿಗೆಗಳು, ಅಂದರೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮುಂತಾದವು, ಲಿಥಿಯಂ ಪ್ರಮಾಣವನ್ನು ಏರಿಸುತ್ತವೆ. ರಕ್ತದೊತ್ತಡಕ್ಕೆ ಕೊಡುವ ರಾಮಿಪ್ರಿಲ್, ಲೋಸಾರ್ಟಾನ್, ಹೈಡ್ರೋಕ್ಲೋರೋಥಯಜೈಡ್ ಕೂಡ ಹಾಗೆಯೇ. ಕೈ ಜೋರಾಗಿ ನಡುಗುವುದು, ನಡಿಗೆ ತೂರಾಡುವುದು, ಮಾತು ತೊದಲುವುದು, ವಾಂತಿಭೇದಿ, ಮಂಪರು ಕಂಡರೆ ಮುಂದಿನ ಗುಳಿಗೆಯನ್ನು ತಡೆಹಿಡಿದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಕುಡಿದಿದ್ದಾನೆಂದು ಬೈದು ಮಲಗಿಸಬಾರದು. ನಿತ್ಯದ ಸಣ್ಣ ತೊಂದರೆಗಳೆಂದರೆ ನೀರಡಿಕೆ, ಹೆಚ್ಚಿನ ಮೂತ್ರ, ಬೆರಳುಗಳ ಸಣ್ಣ ನಡುಕ. ವರ್ಷಗಳು ಕಳೆದಂತೆ ಥೈರಾಯ್ಡ್ ಮಂದವಾಗಬಹುದು, ಕೆಲವರಲ್ಲಿ ಮೂತ್ರಪಿಂಡ ಸೊರಗಬಹುದು. ಆದುದರಿಂದಲೇ ಕೊನೆಯ ಗುಳಿಗೆ ನುಂಗಿದ ಹನ್ನೆರಡು ಗಂಟೆಗಳ ಬಳಿಕ ರಕ್ತ ತೆಗೆದು ಲಿಥಿಯಂ ಪ್ರಮಾಣವನ್ನು ಮೊದಲ ವರ್ಷ ಸುಮಾರು ಮೂರು ತಿಂಗಳಿಗೊಮ್ಮೆ ನೋಡುತ್ತಾರೆ, ಥೈರಾಯ್ಡ್ ಮತ್ತು ಮೂತ್ರಪಿಂಡದ ಪರೀಕ್ಷೆಯನ್ನು ಆರು ತಿಂಗಳಿಗೊಮ್ಮೆ ಮಾಡಿಸುತ್ತಾರೆ.

ಈ ಪರೀಕ್ಷೆಗಳ ಜಂಜಾಟವೇ ಅನೇಕ ಕಡೆ ವೈದ್ಯರ ಕೈಯನ್ನು ಇನ್ನೊಂದು ಔಷಧಿಯತ್ತ ಎಳೆಯಿತೆಂದು ನಮ್ಮ ಅಭಿಪ್ರಾಯ. ಅದು ವ್ಯಾಲ್ಪ್ರೊಯೇಟ್. 1882ರಲ್ಲಿ ಬರ್ಟನ್ ಎಂಬುವನು ಇದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದಾಗ ಯಾರಿಗೂ ಇದು ಔಷಧಿಯೆಂದು ತೋರಲಿಲ್ಲ. ಎಂಬತ್ತು ವರ್ಷ ಇದು ಬೇರೆ ವಸ್ತುಗಳನ್ನು ಕರಗಿಸುವ ದ್ರಾವಣವಾಗಿಯೇ ಉಳಿಯಿತು. 1962ರ ಹೊತ್ತಿಗೆ ಫ್ರಾನ್ಸಿನ ಪಿಯೆರ್ ಐಮಾರ್ ಬೇರೆ ಬೇರೆ ವಸ್ತುಗಳನ್ನು ಇದರಲ್ಲಿ ಕರಗಿಸಿ ಅಪಸ್ಮಾರದ ಪರೀಕ್ಷೆ ನಡೆಸುತ್ತಿದ್ದಾಗ ಎಲ್ಲವೂ ಗುಣ ತೋರಿದವು. ಗುಣ ಕರಗಿದ ವಸ್ತುವಿನದಲ್ಲ, ಕರಗಿಸಿದ್ದರದೆಂದು ತಿಳಿಯಿತು. 1966ರಲ್ಲಿ ಅದೇ ದೇಶದ ಲ್ಯಾಂಬೆರ್ ಇದರ ಸೋದರ ರೂಪವೊಂದನ್ನು ಉನ್ಮಾದದ ರೋಗಿಗಳಿಗೆ ಕೊಟ್ಟನು. ಅಮೆರಿಕ ಇದನ್ನು ಉನ್ಮಾದಕ್ಕೆ ಒಪ್ಪಿದ್ದು 1995ರಲ್ಲಿ. ಉನ್ಮಾದವನ್ನು ಬೇಗ ಇಳಿಸುತ್ತದೆ, ಲಿಥಿಯಂನಷ್ಟು ಸೂಕ್ಷ್ಮ ಅಳತೆ ಬೇಡ. ತೂಕ ಏರಬಹುದು, ಕೂದಲು ಉದುರಬಹುದು, ಯಕೃತ್ತಿನ ಮೇಲೆ ಕಣ್ಣಿಡಬೇಕು.

ಹಾಗಾದರೆ ವರ್ಷಾನುವರ್ಷದ ಕಾವಲಿಗೆ ಎರಡರಲ್ಲಿ ಯಾವುದು ಮೇಲು? 2010ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಬ್ಯಾಲೆನ್ಸ್ ಎಂಬ ಪ್ರಯೋಗವು ಇದನ್ನು ನೇರವಾಗಿ ಕೇಳಿತು. 330 ರೋಗಿಗಳನ್ನು ಸಮನಾಗಿ ಮೂರು ಗುಂಪಾಗಿಸಿ ಎರಡು ವರ್ಷಗಳವರೆಗೆ ನೋಡಿದರು. ರೋಗ ಮರುಕಳಿಸಿ ಹೊಸ ಚಿಕಿತ್ಸೆ ಬೇಕಾದವರು ವ್ಯಾಲ್ಪ್ರೊಯೇಟ್ ಮಾತ್ರ ಪಡೆದವರಲ್ಲಿ ಶೇ. 69, ಲಿಥಿಯಂ ಮಾತ್ರ ಪಡೆದವರಲ್ಲಿ ಶೇ. 59, ಎರಡನ್ನೂ ಪಡೆದವರಲ್ಲಿ ಶೇ. 54. ಲಿಥಿಯಂ ಮುಂದಿದೆ, ಆದರೆ ಯಾವುದೂ ಅಭೇದ್ಯ ಕೋಟೆಯಲ್ಲವೆಂಬುದನ್ನೂ ಈ ಅಂಕಿಗಳು ಹೇಳುತ್ತವೆ. 2018ರಲ್ಲಿ ಫಿನ್ಲೆಂಡಿನ 18 ಸಾವಿರ ರೋಗಿಗಳ ದಾಖಲೆಗಳನ್ನು ನೋಡಿದವರು, ಮರಳಿ ಆಸ್ಪತ್ರೆ ಸೇರುವುದನ್ನು ತಡೆಯುವುದರಲ್ಲಿ ಲಿಥಿಯಂ ಮೇಲುಸಾಲಿನಲ್ಲಿದೆಯೆಂದು ಕಂಡರು. ಆತ್ಮಹತ್ಯೆಯನ್ನು ತಗ್ಗಿಸುವ ಗುಣವೂ ಅದಕ್ಕಿದೆಯೆಂದು ಬಹುಕಾಲದ ಅಧ್ಯಯನಗಳು ಹೇಳುತ್ತ ಬಂದಿವೆ. ಅಮೆರಿಕದ ಮಾಜಿ ಸೈನಿಕರ ಮೇಲೆ ಇತ್ತೀಚೆಗೆ ನಡೆದ ಒಂದು ಪ್ರಯೋಗದಲ್ಲಿ ಆ ಗುಣ ಕಾಣಲಿಲ್ಲ. ಆದುದರಿಂದ ಚರ್ಚೆ ಮುಗಿದಿಲ್ಲ.

ವ್ಯಾಲ್ಪ್ರೊಯೇಟ್ ವಿಷಯದಲ್ಲಿ ಹೆಣ್ಣುಮಕ್ಕಳ ತಂದೆತಾಯಿಗಳಿಗೆ ಒಂದು ಮಾತನ್ನು ಬಿಚ್ಚಿ ಹೇಳುವುದು ನಮ್ಮ ಕರ್ತವ್ಯ. ಗರ್ಭಿಣಿ ಇದನ್ನು ಸೇವಿಸಿದರೆ ಸುಮಾರು ಹತ್ತರಲ್ಲಿ ಒಂದು ಮಗು ಅಂಗದೋಷದಿಂದ ಹುಟ್ಟುತ್ತದೆ. ಬೆನ್ನುಹುರಿಯ ದೋಷ ಅವುಗಳಲ್ಲಿ ಮುಖ್ಯ. ನೋಡಲು ಸರಿಯಾಗಿ ಹುಟ್ಟಿದವರಲ್ಲಿಯೂ ನೂರಕ್ಕೆ ಮೂವತ್ತು ನಾಲ್ವತ್ತು ಮಕ್ಕಳಿಗೆ ಮಾತು, ನಡೆ, ಕಲಿಕೆಗಳಲ್ಲಿ ಹಿನ್ನಡೆ ಬರಬಹುದು. ಫೋಲಿಕ್ ಆಮ್ಲದ ಗುಳಿಗೆ ಇದನ್ನು ಪೂರ್ತಿಯಾಗಿ ತಡೆಯಲಾರದು. 2018ರಲ್ಲಿ ಬ್ರಿಟನ್ ಸರಕಾರವು ಗರ್ಭನಿರೋಧದ ಕಟ್ಟುನಿಟ್ಟಾದ ವ್ಯವಸ್ಥೆಯಿಲ್ಲದೆ ಹೆರುವ ವಯಸ್ಸಿನ ಮಹಿಳೆಯರಿಗೆ ಇದನ್ನು ಕೊಡಬಾರದೆಂದು ನಿಯಮ ಮಾಡಿತು. ನಮ್ಮ ಕಡೆ ನಡೆಯುವುದೇನು? ಹದಿನೆಂಟು ಇಪ್ಪತ್ತರ ಹುಡುಗಿಗೆ ಉನ್ಮಾದ ಬಂದು ಈ ಗುಳಿಗೆಯಿಂದ ಗುಣವಾಗುತ್ತದೆ. ವರ್ಷದಲ್ಲಿ ಲಗ್ನ ಗೊತ್ತಾಗುತ್ತದೆ. ಬೀಗರಿಗೆ ಹೇಳುವಂತಿಲ್ಲ. ಒಂದು ಮನೆಯಲ್ಲಿ ಅಕ್ಷತೆಯ ಮುಂಚೆ ಗುಳಿಗೆಗಳನ್ನು ಒಮ್ಮೆಲೇ ನಿಲ್ಲಿಸುತ್ತಾರೆ, ಗಂಡನ ಮನೆಯಲ್ಲಿ ರೋಗ ಮರಳುತ್ತದೆ, ಹುಡುಗಿ ತವರಿಗೆ ಬರುತ್ತಾಳೆ. ಇನ್ನೊಂದು ಮನೆಯಲ್ಲಿ ಮಗಳು ಗುಟ್ಟಾಗಿ ನುಂಗುತ್ತಲೇ ಇರುತ್ತಾಳೆ, ಬಸುರಾದ ಮೂರನೆಯ ತಿಂಗಳಿಗೆ ವೈದ್ಯರಿಗೆ ತಿಳಿಯುತ್ತದೆ. ಎರಡೂ ತಪ್ಪಿಸಬಹುದಾದ ದುಃಖಗಳು. ಲಗ್ನದ ಮಾತು ಎದ್ದ ದಿನವೇ, ನಿಜವಾಗಿ ಮೊದಲ ಚೀಟಿ ಬರೆಸುವ ದಿನವೇ, “ಇವಳು ಮುಂದೆ ತಾಯಿಯಾಗಬೇಕಾದವಳು, ಬೇರೆ ಔಷಧಿ ಇದೆಯೇ?” ಎಂದು ಕೇಳಬೇಕು. ಲಿಥಿಯಮ್ಮಿಗೂ ಗರ್ಭದ ಮಗುವಿನ ಹೃದಯದ ದೋಷದ ಅಪವಾದವಿದೆ. ಆದರೆ ಮೊದಲು ಹೆದರಿದ್ದಕ್ಕಿಂತ ಅದು ಕಡಿಮೆಯೆಂದೂ ಪ್ರಮಾಣ ಹೆಚ್ಚಿದಂತೆ ಹೆಚ್ಚುತ್ತದೆಂದೂ 2017ರ ದೊಡ್ಡ ಅಧ್ಯಯನವೊಂದು ತೋರಿಸಿತು. ಬಾಣಂತನದ ಮೊದಲ ವಾರಗಳಲ್ಲಿ ಈ ರೋಗ ಮರಳುವ ಭಯ ಅತಿ ಹೆಚ್ಚು. ಆದುದರಿಂದ ತಾನಾಗಿಯೇ ನಿಲ್ಲಿಸುವುದು ಎಂದಿಗೂ ಸಲ್ಲದು.

ಉಳಿದವುಗಳನ್ನು ಚಿಕ್ಕದಾಗಿ ಹೇಳುತ್ತೇವೆ. ಕಾರ್ಬಮಜೆಪಿನ್ ಅಪಸ್ಮಾರದ ಔಷಧಿ; 1970ರ ದಶಕದ ಆರಂಭದಲ್ಲಿ ಜಪಾನಿನ ವೈದ್ಯರು ಇದನ್ನು ಉನ್ಮಾದಕ್ಕೆ ತಂದರು. ಬೇರೆ ಔಷಧಿಗಳ ಬಲವನ್ನು ಇದು ಕುಗ್ಗಿಸುತ್ತದೆ, ಗರ್ಭನಿರೋಧಕ ಗುಳಿಗೆಯದನ್ನೂ ಸಹ. ಲ್ಯಾಮೋಟ್ರಿಜಿನ್ ಖಿನ್ನತೆಯ ತುದಿಯನ್ನು ಕಾಯುವುದರಲ್ಲಿ ಒಳ್ಳೆಯದು, ಉನ್ಮಾದದ ತುದಿಯಲ್ಲಿ ದುರ್ಬಲ. ಅದನ್ನು ವಾರವಾರಕ್ಕೂ ಸ್ವಲ್ಪಸ್ವಲ್ಪವೇ ಏರಿಸಬೇಕು. ಅವಸರ ಮಾಡಿದರೆ ಚರ್ಮದ ಮೇಲೆ ಪ್ರಾಣಾಂತಿಕ ಗುಳ್ಳೆಗಳು ಏಳಬಹುದು. ಹಲವು ದಿನ ತಪ್ಪಿದರೆ ಮತ್ತೆ ಮೊದಲಿನಿಂದ ಆರಂಭಿಸಬೇಕು.

1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜಿನ್ ಬಂದಿತು. ಅದರ ಸಂತತಿಯವಾದ ಓಲಾಂಜಪಿನ್, ಕ್ವಿಟಿಯಾಪಿನ್, ಅರಿಪಿಪ್ರಜೋಲ್ ಮುಂತಾದವು ಈಗ ದೀರ್ಘಕಾಲದ ಕಾವಲಿಗೂ ಬಳಕೆಯಲ್ಲಿವೆ. ಕ್ವಿಟಿಯಾಪಿನ್ ಎರಡೂ ತುದಿಗಳಿಗೆ ಒದಗುತ್ತದೆ. ಗುಳಿಗೆ ನುಂಗಲು ಒಪ್ಪದವರಿಗೆ ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಚುಚ್ಚುವ ಸೂಜಿಮದ್ದೂ ಈ ಮನೆತನದಲ್ಲಿದೆ. ಆದರೆ ಓಲಾಂಜಪಿನ್ ವಿಶೇಷವಾಗಿ ಹಸಿವನ್ನೂ ತೂಕವನ್ನೂ ಸಕ್ಕರೆಯನ್ನೂ ಏರಿಸುತ್ತದೆ. ಕಬ್ಬಿನ ಸೀಮೆಯಲ್ಲಿ ಮಧುಮೇಹವಿಲ್ಲದ ಮನೆಯನ್ನು ಹುಡುಕಬೇಕಾದ ಈ ಕಾಲದಲ್ಲಿ ಇದನ್ನು ಆರಂಭಿಸುವ ಮುನ್ನ ತೂಕ, ಸೊಂಟದ ಸುತ್ತಳತೆ, ಸಕ್ಕರೆಗಳನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಸಾಂಗಲಿ–ಮಿರಜಗಳ ನಡುವಿನ ವಾನ್ಲೆಸ್‌ವಾಡಿ ಕ್ಷಯದ ಆಸ್ಪತ್ರೆಯಿಂದ ಹೆಸರಾದ ಜಾಗ. ಖಿನ್ನತೆಯ ಆಧುನಿಕ ಗುಳಿಗೆಗಳು ಹುಟ್ಟಿದ್ದೂ ಕ್ಷಯದ ಆಸ್ಪತ್ರೆಯಿಂದಲೇ ಎಂಬುದು ಸ್ವಾರಸ್ಯದ ಸಂಗತಿ: 1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯಕ್ಕೆಂದು ಇಪ್ರೊನಿಯಜಿಡ್ ಪಡೆದ ರೋಗಿಗಳು ಅಸಾಧಾರಣ ಉಲ್ಲಾಸ ತೋರಿದರು. ಎರಡು ತುದಿಯ ರೋಗದಲ್ಲಿ ಖಿನ್ನತೆಯ ಗುಳಿಗೆಯನ್ನೊಂದನ್ನೇ ಕೊಟ್ಟರೆ ರೋಗಿ ಹಳ್ಳದಿಂದ ಮೇಲೆದ್ದು ನೇರವಾಗಿ ಉನ್ಮಾದಕ್ಕೆ ಹಾರುವ ಭಯವಿದೆ. ಖಿನ್ನತೆಗೆಂದು ವೈದ್ಯರ ಬಳಿಗೆ ಹೋದವರು ಹಿಂದೆಂದಾದರೂ ಅತಿಯಾದ ಉತ್ಸಾಹದ ದಿನಗಳಿದ್ದರೆ ಹೇಳಲೇಬೇಕಾದುದು ಇದಕ್ಕಾಗಿ.

ಹೇಳುವುದು ಯಾವ ಭಾಷೆಯಲ್ಲಿ? ಇಲ್ಲಿ ನಮ್ಮಂಥ ಗಡಿಯವರ ಕಷ್ಟ ಬೇರೆಯೇ ಇದೆ. ಜತ್ತ ತಾಲೂಕಿನ ಹಳ್ಳಿಯಿಂದಲೋ ಅಥಣಿಯಿಂದಲೋ ಬಂದ ಅಜ್ಜಿಯು ಮರಾಠಿ ಬಲ್ಲ ವೈದ್ಯರ ಮುಂದೆ ಕುಳಿತಾಗ ಮೊಮ್ಮಗನು ನಡುವೆ ನಿಂತು ಮಾತು ದಾಟಿಸುತ್ತಾನೆ. “ಎದ್ಯಾಗ ಬೆಂಕಿ ಇಟ್ಟಂಗ ಆಗೇತಿ” ಎಂದು ಅಜ್ಜಿ ಹೇಳಿದ್ದು ಎದೆಯುರಿಯೆಂದು ದಾಟಿದರೆ ಬರುವುದು ಆಮ್ಲಪಿತ್ತದ ಗುಳಿಗೆ. ಬದುಕು ಬೇಡವೆನಿಸಿದೆ ಎಂಬ ಮಾತನ್ನಂತೂ ಮೊಮ್ಮಗ ದಾಟಿಸುವುದೇ ಇಲ್ಲ. ವೈದ್ಯರ ಕೋಣೆಗೆ ಹೋಗುವ ಮುನ್ನ ಕಳೆದ ತಿಂಗಳಿನ ನಿದ್ರೆಯ ಗಂಟೆಗಳು, ಸಿಟ್ಟು, ಖರ್ಚು, ಅಳು, ತಪ್ಪಿದ ಗುಳಿಗೆಗಳು ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಎರಡೂ ಭಾಷೆ ಬಲ್ಲ ಹಿರಿಯರಿಂದ ಮರಾಠಿಯಲ್ಲಿ ಬರೆಸಿಕೊಂಡು ಹೋದರೆ ವೈದ್ಯರಿಗೂ ಉಪಕಾರ. ನಮ್ಮ ಸಂಘದ ಸದಸ್ಯರಲ್ಲಿ ಇಂಥ ಬರವಣಿಗೆ ಬಲ್ಲವರಿಗೆ ಬರಗಾಲವಿಲ್ಲ. ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆಗೆ ಔಷಧಿಯ ಮೂಲ ಹೆಸರನ್ನೂ ಬರೆಸಿಕೊಳ್ಳಬೇಕು; ಮಿರಜದಲ್ಲಿ ಸಿಗುವ ಕಂಪನಿಯ ಗುಳಿಗೆ ರಾಯಬಾಗದಲ್ಲಿ ಸಿಗದಿರಬಹುದು, ಮೂಲ ಹೆಸರು ಎರಡೂ ಕಡೆ ಒಂದೇ.

ಕರ್ನಾಟಕದಲ್ಲಿ ಡಾಕ್ಟರ್ ಎಂ.ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಅದೇ ನಿಮ್ಹಾನ್ಸ್ ಆಯಿತು. ಅಲ್ಲಿಯ ವೈದ್ಯರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೇ ಮನೋರೋಗಗಳ ಚಿಕಿತ್ಸೆಯನ್ನು ಕಲಿಸಿ ತೋರಿಸಿದರು. ಆ ಬಳ್ಳಾರಿಯ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಕನ್ನಡನಾಡು ದೇಶಕ್ಕೆ ಕೊಟ್ಟ ಕೊಡುಗೆಗಳ ಪಟ್ಟಿಯಲ್ಲಿ ನಾವು ಇದನ್ನು ಎಣಿಸುವುದನ್ನು ಮರೆಯುತ್ತೇವೆ. ಲಿಥಿಯಂ, ವ್ಯಾಲ್ಪ್ರೊಯೇಟ್ ಎರಡೂ ಭಾರತ ಸರಕಾರದ ಅತ್ಯಾವಶ್ಯಕ ಔಷಧಿಗಳ ಪಟ್ಟಿಯಲ್ಲಿವೆ. 2018ರ ಮೇ 29ರಿಂದ ಜಾರಿಗೆ ಬಂದ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಸರಕಾರದ ವೆಚ್ಚದ ಚಿಕಿತ್ಸೆಯನ್ನು ಪಡೆಯುವುದು ಪ್ರತಿಯೊಬ್ಬರ ಹಕ್ಕೆಂದು ಹೇಳಿದೆ. ತಾನು ಅಸ್ವಸ್ಥನಾದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಸ್ವಸ್ಥನಿದ್ದಾಗಲೇ ಬರೆದಿಡುವ ಅಧಿಕಾರವನ್ನೂ ಅದು ರೋಗಿಗೆ ಕೊಟ್ಟಿದೆ.

ನಡುವಿನ ಸ್ವಸ್ಥ ಕಾಲಕ್ಕೆ ತಕ್ಕ ಕೆಲಸವದು. ಔಷಧಿಯನ್ನು ಬದಲಿಸುವ, ಇಳಿಸುವ ಮಾತನ್ನು ವೈದ್ಯರೊಡನೆ ಆಡಬೇಕಾದುದೂ ಆಗಲೇ. ಇಳಿಸಲೇಬೇಕಾದರೆ ಲಿಥಿಯಮ್ಮನ್ನು ಕನಿಷ್ಠ ನಾಲ್ಕು ವಾರಗಳಲ್ಲಿ, ಸಾಧ್ಯವಾದರೆ ಮೂರು ತಿಂಗಳುಗಳಲ್ಲಿ ಮೆಲ್ಲಮೆಲ್ಲನೆ ಇಳಿಸುತ್ತಾರೆ. ಒಮ್ಮೆಲೇ ಬಿಟ್ಟವರಲ್ಲಿ ಉನ್ಮಾದ ಬೇಗ ಮರಳಿದ್ದನ್ನು ಅನೇಕ ಅಧ್ಯಯನಗಳು ಕಂಡಿವೆ. ಬದುಕು ಬೇಡವೆಂಬ ಮಾತು ಮನೆಯಲ್ಲಿ ಕೇಳಿಬಂದರೆ ಮುಂದಿನ ಭೇಟಿಯ ತಾರೀಖಿಗೆ ಕಾಯಬಾರದು. 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಹಗಲಿರುಳೂ ಉಚಿತ. ಹಲವು ಭಾರತೀಯ ಭಾಷೆಗಳಲ್ಲಿ ಅಲ್ಲಿ ಮಾತನಾಡಬಹುದು. ಕನ್ನಡವೂ ಮರಾಠಿಯೂ ಅವುಗಳಲ್ಲಿ ಇವೆ.